ಕಲ್ಲುಬೆಂಚಿನ ವೈದ್ಯಕೀಯ ವ್ಯಾಪ್ತಿಯಿಂದ ಗಂಡನನ್ನು ಕೈಬಿಡುವ ಕುರಿತು

ಇಂದ,
ಯಶೋದಾ ಕೋಂ ರುದ್ರಮೂರ್ತಿ,
ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ (ಒಂದೇ ಅವಧಿ, ಮಹಿಳಾ ಮೀಸಲು),
ಸ್ಟೇಷನ್ ರಸ್ತೆ, ಶಿವನಿ, ಅಜ್ಜಂಪುರ ತಾಲ್ಲೂಕು.

ಗೆ,
ಶ್ರೀ ರೇವಣಪ್ಪನವರು,
ನಿವೃತ್ತ ಬಸ್ ಕಂಡಕ್ಟರ್ ಹಾಗೂ ಹಾಲಿ ಅಧ್ಯಕ್ಷರು,
ಕಲ್ಲುಬೆಂಚಿನ ಉಚಿತ ವೈದ್ಯಕೀಯ ಸಲಹಾ ಮಂಡಳಿ,
ಈರಪ್ಪನ ಹೋಟೆಲಿನ ಮುಂಭಾಗ, ಶಿವನಿ.

(ಖುದ್ದು ಓದತಕ್ಕದ್ದು. ಬೆಂಚಿನ ಮೇಲೆ ಕುಳಿತು ಗಟ್ಟಿಯಾಗಿ ಓದತಕ್ಕದ್ದಲ್ಲ.)

ವಿಷಯ: ಅರ್ಜಿದಾರಳ ಗಂಡನ ಉಳಿದ ಎಂಟು ಕಾಲ್ಬೆರಳುಗಳನ್ನು ತಮ್ಮ ಮಂಡಳಿಯ ವ್ಯಾಪ್ತಿಯಿಂದ ಕೈಬಿಡುವ ಬಗ್ಗೆ.

ಉಲ್ಲೇಖ: ೧) ತಮ್ಮ ಮೌಖಿಕ ಆದೇಶ: "ಆ ಇಂಗ್ಲಿಷ್ ಮಾತ್ರೆ ಬಿಸಾಕು ಕಣೋ."
೨) ತಮ್ಮ ಇನ್ನೊಂದು ಮೌಖಿಕ ಆದೇಶ: "ಚಪ್ಪಲಿ ಬಿಟ್ಟು ನಡಿ, ಭೂಮಿ ಕಾಯಿಲೆ ಎಳ್ಕೊಳ್ಳುತ್ತೆ."
೩) ಶಿವಮೊಗ್ಗದ ಆಸ್ಪತ್ರೆಯ ಬಿಡುಗಡೆ ಚೀಟಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಘನ ಅವಗಾಹನೆಗೆ ತರಬಯಸುವುದೇನೆಂದರೆ, ಅರ್ಜಿದಾರಳು ಹಿಂದೊಮ್ಮೆ ಪಂಚಾಯಿತಿ ಸದಸ್ಯೆಯಾಗಿದ್ದು, ಆ ಅವಧಿಯಲ್ಲಿ ಕಲಿತದ್ದು ಒಂದೇ ಪಾಠ. ಬಾಯಲ್ಲಿ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಬರೆದು ಕೊಟ್ಟದ್ದನ್ನು ಕಡೇಪಕ್ಷ ಎಲ್ಲಾದರೂ ಇಟ್ಟು ಮರೆಯುತ್ತಾರೆ. ಕಾರಣ ಈ ಅರ್ಜಿ.

೧. ಅರ್ಜಿದಾರಳ ಗಂಡ ರುದ್ರಮೂರ್ತಿಯವರು ಸ್ಟೇಷನ್ ರಸ್ತೆಯಲ್ಲಿ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುತ್ತಾರೆ. ಯಾರಾದರೂ ಕಂಡಕಂಡವರ ಕೈಲಿ ಬಿಚ್ಚಿಸಿ ಕೆಡಿಸಿದ ಮೋಟರನ್ನು ಹೊತ್ತು ತಂದರೆ, "ಕೆಲ್ಸ ಗೊತ್ತಿಲ್ದೋರ ಕೈಗೆ ಯಾಕ್ರೀ ಕೊಟ್ರಿ ಇದನ್ನ? ಮೋಟರ್ ಅಂದ್ರೆ ಆಟದ ಸಾಮಾನಾ?" ಎಂದು ಬೈದ ಮೇಲೆಯೇ ಕೆಲಸಕ್ಕೆ ಕೈಹಾಕುವವರು. ಇಂಥ ಎಚ್ಚರದ ಮನುಷ್ಯ ತಮ್ಮ ಸ್ವಂತ ದೇಹ ಕೆಟ್ಟಾಗ ಮಾತ್ರ ಅದನ್ನು ಒಯ್ದು ರಸ್ತೆಯಾಚೆಯ ಕಲ್ಲುಬೆಂಚಿನ ಮೇಲಿಟ್ಟರು. ಬೆಂಚು ಹತ್ತಿರವಿತ್ತು, ಆಸ್ಪತ್ರೆ ದೂರವಿತ್ತು ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣ ಅರ್ಜಿದಾರಳಿಗೆ ಈವರೆಗೂ ಹೊಳೆದಿರುವುದಿಲ್ಲ.

೨. ಎರಡು ವರ್ಷದ ಹಿಂದೆ ಅಜ್ಜಂಪುರದಲ್ಲಿ ನಡೆದ ಶಿಬಿರವೊಂದರಲ್ಲಿ ರುದ್ರಮೂರ್ತಿಯವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅಲ್ಲಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ಬೀಡಿ ಬಿಡಿ, ಬರಿಗಾಲಲ್ಲಿ ಓಡಾಡಬೇಡಿ, ದಿನಾ ಅಂಗಾಲು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಡಾಕ್ಟರು ಓದಿದವರಾದ್ದರಿಂದ ಅವರ ಮಾತಿಗೆ ಹೆಚ್ಚು ಬೆಲೆ ಕೊಡುವಂತಿರಲಿಲ್ಲ. ಆದರೂ ರುದ್ರಮೂರ್ತಿಯವರು ಕೆಲವು ತಿಂಗಳು ಮಾತ್ರೆ ನುಂಗಿದರು. ಅಷ್ಟರಲ್ಲಿ ವಿಷಯ ಮಂಡಳಿಯ ಮುಂದೆ ಬಂತು.

೩. ಮಂಡಳಿಯ ಸದಸ್ಯರ ಅರ್ಹತೆಗಳನ್ನು ಇಲ್ಲಿ ನಮೂದಿಸುವುದು ಸೂಕ್ತ. ಈರಪ್ಪ: ಹೋಟೆಲಿನ ಮಾಲೀಕ, ಮೂವತ್ತು ವರ್ಷಗಳಿಂದ ಬಜ್ಜಿ ಕರಿದ ಅನುಭವ. ಭೈರೇಶ್: ಮೊದಲು ಬಿತ್ತನೆ ಬೀಜ, ಆಮೇಲೆ ಮೊಬೈಲು ಮಾರಿ, ಸದ್ಯ ಕೊರಳಿಗೆ ಟೈ ಕಟ್ಟಿಕೊಂಡು ಬೈಕಿನಲ್ಲಿ ಸರ್ವರೋಗದ ಪುಡಿ ಮಾರುವ ಏಜೆಂಟ. ಅಧ್ಯಕ್ಷರಾದ ತಾವು: ಬಸ್ಸಿನಲ್ಲಿ ಸಾವಿರಾರು ರೋಗಿಗಳಿಗೆ ಆಸ್ಪತ್ರೆ ಸ್ಟಾಪಿಗೆ ಟಿಕೆಟು ಹರಿದುಕೊಟ್ಟವರು.

ಈರಪ್ಪನು, "ಸಕ್ಕರೆ ಬ್ಯಾಡ ಅಂದ್ರೆ ಬೆಲ್ಲದ ಕಾಫಿ ಕುಡಿ ಕಣಪ್ಪ. ಬೆಲ್ಲ ಮಣ್ಣಿಂದ ಬಂದಿದ್ದು, ಅದೇನೂ ಮಾಡಲ್ಲ" ಎಂದು ಲೋಟ ಮುಂದಿಟ್ಟನು. ಸಕ್ಕರೆ ಆಕಾಶದಿಂದ ಬೀಳುತ್ತದೆಂಬುದು ಅರ್ಜಿದಾರಳಿಗೆ ಅಂದೇ ತಿಳಿಯಿತು. ಭೈರೇಶನು ಬಿಳಿ ಕುದುರೆಯ ಚಿತ್ರವಿರುವ ಡಬ್ಬವೊಂದನ್ನು ತೆಗೆದು, "ಅಣ್ಣಾ, ಇದನ್ನ ಒಂದ್ಮಂಡಲ ತಗೊಳ್ಳಿ, ಶುಗರ್ ಇದೆಯಾ ಅಂತ ನೀವೇ ಹುಡುಕಬೇಕು" ಎಂದನು. ಇದೇ ಭೈರೇಶನ ತಾಯಿಗೆ ಮೊನ್ನೆ ಜ್ವರ ಬಂದಾಗ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಕಡೂರಿನ ಆಸ್ಪತ್ರೆಗೆ ಹೋದದ್ದು, ಹೋಗುವಾಗ ಕುದುರೆ ಡಬ್ಬವನ್ನು ಮನೆಯಲ್ಲೇ ಮರೆತದ್ದು ಇಡೀ ರಸ್ತೆಗೆ ಗೊತ್ತಿರುವ ಸಂಗತಿ.

ಕೊನೆಗೆ ತಾವು ಬೀಡಿ ಹಚ್ಚಿ, ರುದ್ರಮೂರ್ತಿಯವರಿಗೂ ಒಂದು ಕೊಟ್ಟು, ಉಲ್ಲೇಖ (೧) ಮತ್ತು (೨)ರ ಆದೇಶಗಳನ್ನು ಹೊರಡಿಸಿದಿರಿ. "ಆ ಮಾತ್ರೆ ಕಿಡ್ನಿ ತಿಂದಾಕುತ್ತೆ ಕಣೋ. ನನ್ನ ನೋಡು. ಈ ವಯಸ್ಸಲ್ಲೂ ಒಂದ್ ಮಾತ್ರೆ ಮುಟ್ಟಿದೋನಲ್ಲ."

ಈ ಕೊನೆಯ ವಾಕ್ಯವನ್ನು ತಾವು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಬೇಕಾಗಿ ವಿನಂತಿ.

೪. ಆದೇಶವು ಮರುದಿನದಿಂದಲೇ ಜಾರಿಗೆ ಬಂತು. ಅರ್ಜಿದಾರಳು ಅಡ್ಡ ಬಂದಾಗ, "ನಿಂಗೇನೇ ಗೊತ್ತು? ರೇವಣ್ಣೋರು ಲೋಕ ತಿರುಗಿದೋರು" ಎಂಬ ಉತ್ತರ ಸಿಕ್ಕಿತು. ತಾವು ತಿರುಗಿದ ಲೋಕವು ತರೀಕೆರೆಯಿಂದ ಹೊಸದುರ್ಗದವರೆಗಿನದು ಎಂದು ಆಕೆ ಹೇಳಬಹುದಾಗಿತ್ತು. ರುದ್ರಮೂರ್ತಿಯವರು ದಿನಾ ಬೆಳಿಗ್ಗೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ರೈಲು ಹಳಿಯ ಪಕ್ಕದ ಕಾಲುದಾರಿಯಲ್ಲಿ ಭೂಮಿಗೆ ಕಾಯಿಲೆ ಒಪ್ಪಿಸಿ ಬರತೊಡಗಿದರು.

ಒಂದು ದಿನ ಅರ್ಜಿದಾರಳು ಪಡಸಾಲೆ ಒರೆಸುತ್ತಿರುವಾಗ ಬಾಗಿಲಿನಿಂದ ದೇವರ ಗೂಡಿನವರೆಗೂ ಕೆಂಪು ಹೆಜ್ಜೆಗಳು ಕಂಡವು. "ರೀ, ಯಾರ ಕಾಲಿಂದೋ ರಕ್ತ ಸುರೀತಿದೆ" ಎಂದಳು. ಗಂಡ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಹೊರಗೆ ಬಂದು, ಯಾರದೋ ಕಾಲು ಎಂಬಂತೆ ತಮ್ಮ ಕಾಲನ್ನು ಎತ್ತಿ ನೋಡಿದರು. ಹೆಬ್ಬೆರಳಿನ ಬುಡದಲ್ಲಿ ಜಾಲಿ ಮುಳ್ಳು ಪೂರ್ತಿ ಇಳಿದಿತ್ತು. ಅರ್ಜಿದಾರಳು ಅದನ್ನು ಕಿತ್ತಳು. ಅವರು ಹುಬ್ಬು ಸಹ ಗಂಟಿಕ್ಕಲಿಲ್ಲ. "ನೋಯ್ಲೇ ಇಲ್ಲ ಕಣೇ!" ಎಂದು ನಕ್ಕರು.

ಮಂಡಳಿಯು ಅದೇ ದಿನ ಸಭೆ ಸೇರಿ, ನೋವಿಲ್ಲದಿರುವುದು ಪುಡಿಯ ಗುಣವೆಂದು ಭೈರೇಶನೂ, ಬೆಲ್ಲದ ಗುಣವೆಂದು ಈರಪ್ಪನೂ ವಾದಿಸಿ, "ಕಾಲು ಗಟ್ಟಿಯಾಗೈತೆ, ಅಷ್ಟೇ" ಎಂದು ತಾವು ತೀರ್ಪು ಕೊಟ್ಟಿರಿ. ಗಾಯಕ್ಕೆ ಬೀಡಿಯ ಬೂದಿ ಮೆತ್ತಲು ಸರ್ವಾನುಮತದಿಂದ ತೀರ್ಮಾನವಾಯಿತು.

೫. ಮುಂದಿನದನ್ನು ಬರೆಯಲು ಅರ್ಜಿದಾರಳಿಗೆ ಮನಸ್ಸಿಲ್ಲ. ಆದರೂ ದಾಖಲೆಗಾಗಿ ಬರೆಯಲಾಗಿದೆ.

ಕೆಲವು ದಿನಗಳ ನಂತರ ಮನೆಯಲ್ಲಿ ಕೆಟ್ಟ ವಾಸನೆ ಶುರುವಾಯಿತು. ಮಗಳು ಸ್ಫೂರ್ತಿ ಕಾಲೇಜಿನಿಂದ ಬಂದವಳೇ ಮೂಗು ಮುಚ್ಚಿಕೊಂಡು, "ಅಮ್ಮಾ, ಎಲ್ಲೋ ಇಲಿ ಸತ್ತಿದೆ" ಎಂದಳು. ಅಕ್ಕಿ ಡ್ರಮ್ಮು ಸರಿಸಿದರು. ಅಟ್ಟ ಹತ್ತಿದರು. ಮಂಚದ ಕೆಳಗಿನ ಟ್ರಂಕನ್ನು ಎಳೆದರು. ರುದ್ರಮೂರ್ತಿಯವರೂ ಟಾರ್ಚು ಹಿಡಿದು ಮೂಲೆ ಮೂಲೆ ಹುಡುಕಿದರು, ಪಾಪ. ವಿಚಿತ್ರವೆಂದರೆ ಅವರು ಯಾವ ಮೂಲೆಗೆ ಹೋದರೆ ಇಲಿಯೂ ಆ ಮೂಲೆಗೇ ಹೋಗುತ್ತಿತ್ತು. ಇದನ್ನು ಮೊದಲು ಗಮನಿಸಿದವಳು ಸ್ಫೂರ್ತಿ. ಹುಡುಗಿ ಪೊರಕೆಯನ್ನು ಕೆಳಗೆ ಹಾಕಿ, ಅಪ್ಪನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು. ಆಮೇಲೆ ತಾಯಿಯ ಮುಖ ನೋಡಿದಳು. ಹೆಬ್ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

೬. ಅದೇ ಸಂಜೆ ತರೀಕೆರೆಗೆ ಹೋದರು. ಡಾಕ್ಟರು ಕಾಲನ್ನೂ ರಕ್ತದ ಚೀಟಿಯನ್ನೂ ನೋಡಿ, "ಮಾತ್ರೆ ಬಿಡಿ ಅಂತ ಹೇಳಿದ್ಯಾರು?" ಎಂದು ಕೇಳಿದರು. ಮೋಟರು ಕೆಡಿಸಿಕೊಂಡು ಬಂದವರು ನಿಲ್ಲುವಂತೆಯೇ ರುದ್ರಮೂರ್ತಿಯವರು ತಲೆ ತಗ್ಗಿಸಿ ಕೂತಿದ್ದರು. ಅರ್ಜಿದಾರಳೇ ಉತ್ತರ ಕೊಟ್ಟಳು.

"ನಮ್ಮೂರಲ್ಲಿ ಒಂದು ಕಮಿಟಿ ಇದೆ ಸಾರ್."

"ಆ ಕಮಿಟೀಲಿ ಡಾಕ್ಟ್ರು ಯಾರಿದಾರೆ?"

"ಡಾಕ್ಟ್ರು ಇಲ್ಲ ಸಾರ್. ಒಬ್ರು ಕಂಡಕ್ಟ್ರು."

ಡಾಕ್ಟರು ಶಿವಮೊಗ್ಗದ ಆಸ್ಪತ್ರೆಗೆ ಚೀಟಿ ಬರೆದರು. ನೋವಾಗದೇ ಇದ್ದದ್ದು ಗುಣವಾದ ಲಕ್ಷಣವಲ್ಲ, ನರಗಳು ಸತ್ತ ಲಕ್ಷಣ ಎಂದು ವಿವರಿಸಿದವರೂ ಅವರೇ. ಅವರಿಗೆ ಬಜ್ಜಿ ಕರಿಯಲು ಬಾರದಿದ್ದರೂ ಈ ಮಾತು ಸರಿಯೆಂದು ಅರ್ಜಿದಾರಳಿಗೆ ಅನಿಸಿತು.

೭. ಶಿವಮೊಗ್ಗದಲ್ಲಿ ಎಡಗಾಲಿನ ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಒಳಗೆ ಕರೆದೊಯ್ಯುವ ಮುನ್ನ ರುದ್ರಮೂರ್ತಿಯವರು ಹೆಂಡತಿಯ ಕೈ ಹಿಡಿದು, "ಬೆರಳು ಕೊಟ್ರೆ ಕಾಲು ಉಳಿಯುತ್ತೆ ಅಂತಾರೆ ಕಣೇ. ನಾಳೆ ಕಾಲು ಕೊಟ್ರೆ ನಾನು ಉಳೀತೀನಿ ಅಂತಾರೇನೋ" ಎಂದರು. ಮದುವೆಯಾದ ಮೇಲೆ ಆ ಮನುಷ್ಯ ಹೆದರಿದ್ದನ್ನು ಅರ್ಜಿದಾರಳು ನೋಡಿದ್ದು ಅದೇ ಮೊದಲು.

ಅವರನ್ನು ಒಳಗೆ ಕರೆದೊಯ್ದ ಮೇಲೆ ಅರ್ಜಿದಾರಳು ಗೋಡೆ ಹಿಡಿದು ನಿಂತದ್ದನ್ನು ನರ್ಸೊಬ್ಬರು ಕಂಡು, ಕೂರಿಸಿ ತೋಳಿಗೆ ಪಟ್ಟಿ ಕಟ್ಟಿದರು. ರಕ್ತದೊತ್ತಡ ವಿಪರೀತ ಏರಿತ್ತು. "ಯಾವಾಗಿಂದ ಇದೆಯಮ್ಮಾ?" ಎಂದರು. ಆಕೆಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಮನೆಯವರ ತಲೆನೋವು, ಹೊಟ್ಟೆನೋವು ಎಲ್ಲವನ್ನೂ ಬಲ್ಲವಳಾಗಿದ್ದ ಅರ್ಜಿದಾರಳು ತನ್ನ ತೋಳನ್ನು ಒಮ್ಮೆಯೂ ಯಾರ ಮುಂದೆಯೂ ಚಾಚಿರಲಿಲ್ಲ. ಅಂದಿನಿಂದ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದಾಳೆ. ತಮ್ಮ ಮಂಡಳಿಯ ಕೃಪಾದೃಷ್ಟಿಯು ಹೆಂಗಸರ ಮೇಲೆ ಬೀಳುವ ರೂಢಿ ಇಲ್ಲದ ಕಾರಣ ಆಕೆಯ ಎಲ್ಲ ಅಂಗಾಂಗಗಳೂ ಸ್ವಸ್ಥಾನದಲ್ಲಿವೆ. ಇದಕ್ಕಾಗಿ ಆಕೆ ಮಂಡಳಿಗೆ ಆಭಾರಿ.

೮. ಮನೆಗೆ ಮರಳಿದ ಮೇಲೆ ಮಂಡಳಿಯು ಪೂರ್ಣ ಬಲದೊಂದಿಗೆ ಭೇಟಿ ನೀಡಿತು. ಈರಪ್ಪನು ಸಹಾನುಭೂತಿಯಿಂದ ಒಂದು ಡಬ್ಬ ಬಾದುಷಾ ತಂದಿದ್ದನು. ರುದ್ರಮೂರ್ತಿಯವರಿಗೆ ಇನ್ಸುಲಿನ್ ಬರೆದಿರುವುದನ್ನು ಕೇಳಿದ ತಾವು ತೊಡೆ ಬಡಿದುಕೊಂಡು, "ಅಯ್ಯೋ, ಅದನ್ಯಾಕೆ ಒಪ್ಪಿದ್ಯೋ? ಒಂದ್ಸಲ ಶುರುವಾಯ್ತು ಅಂದ್ರೆ ಸಾಯೋಗಂಟ ಬಿಡಲ್ಲ ಅದು" ಎಂದಿರಿ.

ಅರ್ಜಿದಾರಳು ಕಾಫಿ ಲೋಟ ಇಡುತ್ತಾ, "ಅನ್ನಾನೂ ಹಂಗೇ ಅಲ್ವೇನಣ್ಣಾ?" ಎಂದದ್ದು ಸಭೆಯ ನಡಾವಳಿಯಲ್ಲಿ ದಾಖಲಾಗಲಿಲ್ಲ.

ವಾರ ಕಳೆಯುವುದರೊಳಗೆ ಸ್ಫೂರ್ತಿ ಬಂದು, "ಅಮ್ಮಾ, ಅಪ್ಪ ಸೂಜಿ ಬ್ಯಾಡ ಅಂತಿದಾರೆ. ಅಭ್ಯಾಸ ಆಗ್ಬಿಡುತ್ತಂತೆ" ಎಂದು ಅಳುಮೋರೆ ಮಾಡಿದಳು.

೯. ಕಾರಣ, ಅರ್ಜಿದಾರಳು ಬಿಳಿ ಹಾಳೆಯೊಂದರ ಮೇಲೆ ನಾಲ್ಕು ಸಾಲು ಬರೆದು, ಹೋಟೆಲು ತುಂಬಿದ್ದ ಹೊತ್ತಿಗೇ ಬೆಂಚಿನ ಬಳಿಗೆ ಹೋದಳು. ಹಾಳೆಯಲ್ಲಿ ಇದ್ದದ್ದಿಷ್ಟು: "ನಮ್ಮ ಮಾತು ಕೇಳಿ ರುದ್ರಮೂರ್ತಿ ಇನ್ಸುಲಿನ್ ಬಿಟ್ಟು, ಮುಂದೆ ಕಾಲೋ ಕಣ್ಣೋ ಜೀವವೋ ಹೋದರೆ ಅದಕ್ಕೆ ನಾವೇ ಹೊಣೆ."

"ಸೈನ್ ಹಾಕಿ. ಇವತ್ತೇ ನಾನೇ ಆ ಸೂಜಿ ಮುರಿದು ಹಾಕ್ತೀನಿ" ಎಂದಳು.

ಭೈರೇಶನು ಟೈ ಸಡಿಲ ಮಾಡಿಕೊಂಡು, "ಅಕ್ಕಾ, ಕಂಪನಿಯೋರು ನಮಗೆ ಎಲ್ಲೂ ಸೈನ್ ಹಾಕಂಗಿಲ್ಲ ಅಂದಿದಾರೆ" ಎಂದನು. ಈರಪ್ಪನು, "ಮಾತಿಗೆ ಹೇಳಿದ್ದು ಕಣಮ್ಮ, ಅದಕ್ಕೆಲ್ಲ ಸೈನ್ ಯಾಕೆ? ಎಣ್ಣೆ ಕಾದೈತೆ, ಬಂದೆ ಇರು" ಎಂದು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ತಾವು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಕನ್ನಡಕ ಮನೇಲೇ ಬಿಟ್ಟೆ ಕಣಮ್ಮ" ಎಂದಿರಿ. ಕನ್ನಡಕ ಮೂಗಿನ ಮೇಲಿತ್ತು.

ಎದುರಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಕಟ್ಟು ಹಾಕಿದ ಕಾಲನ್ನು ಚಾಚಿಕೊಂಡು, ರುದ್ರಮೂರ್ತಿಯವರು ಇದೆಲ್ಲವನ್ನೂ ನೋಡುತ್ತಿದ್ದರು. ಅರ್ಜಿದಾರಳು ಸಹಿಯಿಲ್ಲದ ಹಾಳೆಯೊಂದಿಗೆ ರಸ್ತೆ ದಾಟಿ ಬಂದಾಗ ಅವರು ಅದನ್ನು ಇಸಿದುಕೊಂಡು, ಕೆಳಗಿನ ಖಾಲಿ ಜಾಗವನ್ನು ನೋಡಿದರು. ಮಧ್ಯಾಹ್ನ ಊಟಕ್ಕೆ ಮುಂಚೆ ಮಗಳನ್ನು ಕರೆದು, "ಆ ಸೂಜಿ ತಗೊಂಬಾ ಮಗಾ" ಎಂದರು. ಬೀಡಿ ಕಟ್ಟನ್ನು ತಾವೇ ಒಲೆಗೆ ಹಾಕಿದರು. ಅಂದಿನಿಂದ ಒಂದು ಹೊತ್ತೂ ತಪ್ಪಿಸಿರುವುದಿಲ್ಲ.

೧೦. ವಿಷಯ ಇಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಕಳೆದ ವಾರ ಅರ್ಜಿದಾರಳು ಇನ್ಸುಲಿನ್ ತರಲು ಅಜ್ಜಂಪುರದ ಔಷಧಿ ಅಂಗಡಿಗೆ ಹೋಗಿದ್ದಾಗ, ಅಂಗಡಿಯವರು ಇನ್ನೊಂದು ಪೊಟ್ಟಣವನ್ನೂ ಮುಂದಿಟ್ಟು, "ನೀವು ಶಿವನಿಯೋರಲ್ವಾ? ನಿಮ್ಮೂರ ರೇವಣಪ್ಪೋರದ್ದು ಇದು. ತಿಂಗಳು ತಿಂಗಳು ತಪ್ಪದೆ ಬಂದು ತಗೊಂಡು ಹೋಗೋರು, ಈ ಸಲ ಯಾಕೋ ಬಂದಿಲ್ಲ. ಶುಗರ್ ಮಾತ್ರೆ, ತಪ್ಪಿಸಬಾರ್ದು. ಕೊಟ್ಬಿಡ್ತೀರಾ?" ಎಂದರು.

"ಎಷ್ಟು ದಿನದಿಂದ ತಗೋತಿದಾರೆ?" ಎಂದಳು ಅರ್ಜಿದಾರಳು.

"ನಾನು ಅಂಗಡಿ ಇಟ್ಟಾಗಿಂದಾನೂ."

ಬಸ್ಸಿನಲ್ಲಿ ಆ ಪೊಟ್ಟಣ ತೊಡೆಯ ಮೇಲಿತ್ತು. ಅದನ್ನು ಒಯ್ದು ಬೆಂಚಿನ ಮೇಲೆ ಎಲ್ಲರೆದುರು ಸುರಿಯಬೇಕೆಂದು ಆಕೆಗೆ ಅನಿಸಿತು. ತನ್ನ ಗಂಡನ ಎರಡು ಬೆರಳು ಹೋಗಿ, ಮಾತ್ರೆ ಬಿಸಾಕು ಎಂದವರ ಹತ್ತೂ ಬೆರಳು ಹೇಗೆ ಉಳಿದವು ಎಂಬ ಪ್ರಶ್ನೆಗೆ ಉತ್ತರ ಅಂಗೈಯಗಲದ ಆ ಕಾಗದದ ಚೀಲದಲ್ಲಿತ್ತು. ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೋ ಧೂಳಿಗೋ ಆಕೆ ವಿಚಾರಣೆ ನಡೆಸಲಿಲ್ಲ. ಊರು ಹತ್ತಿರ ಬರುವಷ್ಟರಲ್ಲಿ ಇನ್ನೊಂದು ಮಾತು ಹೊಳೆಯಿತು. ಈ ತಿಂಗಳು ತಾವು ಮಾತ್ರೆ ತರಲು ಹೋಗಿಲ್ಲ. ಹೋದರೆ ಅದೇ ಬಸ್ಸಿನಲ್ಲಿ ಅರ್ಜಿದಾರಳು ಎದುರಾಗುತ್ತಾಳೆಂಬ ಭಯ. ಅಂದರೆ ತಮ್ಮ ಉಚಿತ ಸಲಹೆಯನ್ನು ಈಗ ತಾವೇ ಪಾಲಿಸತೊಡಗಿದ್ದೀರಿ.

ಸದರಿ ವಿಷಯವನ್ನು ರುದ್ರಮೂರ್ತಿಯವರಿಗೆ ಇನ್ನೂ ತಿಳಿಸಿರುವುದಿಲ್ಲ. ಬೆರಳು ಹೋದದ್ದನ್ನು ತಡೆದುಕೊಂಡ ಮನುಷ್ಯ ಇದನ್ನು ತಡೆದುಕೊಳ್ಳುತ್ತಾರೆಂಬ ಖಾತ್ರಿ ಇಲ್ಲ. ಅವರಿಗೆ ಇಡೀ ಊರಿನಲ್ಲಿ ಕೂತು ಮಾತಾಡಲು ಇರುವುದು ಅದೊಂದೇ ಬೆಂಚು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ ತಮ್ಮಲ್ಲಿ ಕೋರುವುದೇನೆಂದರೆ:

ಅ) ರುದ್ರಮೂರ್ತಿಯವರನ್ನು ಮಂಡಳಿಯ ವೈದ್ಯಕೀಯ ವ್ಯಾಪ್ತಿಯಿಂದ ಶಾಶ್ವತವಾಗಿ ಕೈಬಿಡುವುದು. ಮಳೆ, ಚುನಾವಣೆ, ಕ್ರಿಕೆಟ್ಟು ಇತ್ಯಾದಿ ವಿಷಯಗಳಲ್ಲಿ ಅವರಿಗೆ ಎಂದಿನಂತೆ ತಪ್ಪು ಮಾಹಿತಿ ನೀಡಲು ಅಭ್ಯಂತರವಿಲ್ಲ.

ಆ) ಈ ಅರ್ಜಿಯ ಜೊತೆ ಕಳಿಸಿರುವ ಮಾತ್ರೆಗಳನ್ನು ಸ್ವೀಕರಿಸಿ, ತಿಂಡಿಯಾದ ಮೇಲೆ ಒಂದನ್ನು, ಕಲ್ಲುಬೆಂಚಿನ ಮೇಲೆಯೇ ಕುಳಿತು, ಸದಸ್ಯರೆಲ್ಲರ ಕಣ್ಣೆದುರು ನುಂಗುವುದು. ಮನೆಯಲ್ಲಿ ಬಾಗಿಲು ಹಾಕಿಕೊಂಡು ನುಂಗಿದರೆ ಅದು ತಮ್ಮೊಬ್ಬರ ಹೊಟ್ಟೆಗೆ ಮಾತ್ರ ಸೇರುತ್ತದೆ.

ಇ) ಹಾಗೆ ಮಾಡಲು ತಮಗೆ ಸಂಕೋಚವಾದಲ್ಲಿ, ಮುಂದಿನ ತಿಂಗಳ ಪೊಟ್ಟಣವನ್ನು ಅರ್ಜಿದಾರಳೇ ಬೆಂಚಿಗೆ ತಂದು, ಹೆಸರು ಕೂಗಿ ಕೊಡುವಳೆಂದು ಈ ಮೂಲಕ ವಿನಯಪೂರ್ವಕವಾಗಿ ತಿಳಿಯಪಡಿಸಲಾಗಿದೆ.

ಇಂತಿ,
ತಮ್ಮ ಸಲಹೆಗಳಲ್ಲಿ ಇಲ್ಲದಿದ್ದರೂ ತಮ್ಮ ಆಯುಷ್ಯದಲ್ಲಿ ವಿಶ್ವಾಸವುಳ್ಳ,
(ಸಹಿ) ಯಶೋದಾ

ಸ್ಥಳ: ಶಿವನಿ

ಲಗತ್ತುಗಳು:
೧. ರೇವಣಪ್ಪನವರ ಮಾತ್ರೆ, ಒಂದು ತಿಂಗಳಿಗಾಗುವಷ್ಟು.
೨. ಯಾರೂ ಸಹಿ ಹಾಕದ ಬಿಳಿ ಹಾಳೆ, ಒಂದು.
೩. ಬಾದುಷಾ ಡಬ್ಬ, ಒಂದು (ಮುಚ್ಚಳ ತೆರೆದಿರುವುದಿಲ್ಲ; ಈರಪ್ಪನಿಗೆ ತಲುಪಿಸುವುದು).

ಷರಾ (ಅರ್ಜಿಯ ಮನೆಪ್ರತಿಯ ಹಿಂಬದಿಯಲ್ಲಿ, ಅರ್ಜಿದಾರಳ ಕೈಬರಹ):

ಅರ್ಜಿ ತಲುಪಿದ ಮರುದಿನ ರೇವಣಪ್ಪನವರು ಬೆಂಚಿಗೆ ಬಂದು, ಇಡ್ಲಿ ತಿಂದು, ಕೈ ತೊಳೆದು, ಎರಡು ಸಲ ಸುತ್ತ ನೋಡಿದರು. ಆಮೇಲೆ ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆ ತೆಗೆದರು. "ಅದೇನ್ ಮಾತ್ರೆ ರೇವಣ್ಣೋರೇ?" ಎಂದು ಭೈರೇಶ ಕೇಳಿದ್ದಕ್ಕೆ, "ಬಿ-ಕಾಂಪ್ಲೆಕ್ಸ್" ಎಂದರು.

ಪಕ್ಕದಲ್ಲಿ ಕೂತಿದ್ದ ರುದ್ರಮೂರ್ತಿಯವರು ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿದರು. ಅವರೂ ಒಂದು ಕಾಲಕ್ಕೆ ನುಂಗುತ್ತಿದ್ದ ಮಾತ್ರೆಯೇ ಅದು. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅರ್ಜಿದಾರಳು ಒಂದು ಹೆಜ್ಜೆ ರಸ್ತೆಗಿಳಿದಳು. ರುದ್ರಮೂರ್ತಿಯವರು ರೇವಣಪ್ಪನವರ ಮುಖವನ್ನೇ ನೋಡಿದರು. ಅವರು ತಲೆ ಎತ್ತಲಿಲ್ಲ. ಕೊನೆಗೆ ರುದ್ರಮೂರ್ತಿಯವರು ಹಾಳೆ ವಾಪಸು ಕೊಟ್ಟು, ನೀರಿನ ಲೋಟವನ್ನು ಅವರ ಕಡೆಗೆ ಸರಿಸಿದರು.

"ನಂಗೂ ಮೊದ್ಲು ಇದೇ ಬಿ-ಕಾಂಪ್ಲೆಕ್ಸ್ ಕೊಟ್ಟಿದ್ರು ಕಣಣ್ಣ. ನಾನು ಬಿಟ್ಬಿಟ್ಟೆ. ನೀನು ಬಿಡಬ್ಯಾಡ."

ರೇವಣಪ್ಪನವರು ಮಾತ್ರೆ ನುಂಗಿ ಲೋಟ ಪೂರ್ತಿ ಕುಡಿದರು. ಅಂದು ಮಂಡಳಿಯಿಂದ ಬೇರೆ ಯಾವ ಸಲಹೆಯೂ ಹೊರಬೀಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಈರಪ್ಪನು ಜಾಲರಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ನಂಗೂ ಈಚೀಚೆಗೆ ಬಾಯಿ ಒಣಗುತ್ತೆ, ಗಳಿಗೆಗೊಂದ್ಸಲ ಹಿತ್ಲಿಗೆ ಹೋಗಂಗಾಗುತ್ತೆ. ಆ ಬಿ-ಕಾಂಪ್ಲೆಕ್ಸ್ ಎ‌ಲ್ಲಿ ಕೊಡ್ತಾರೆ?" ಎಂದು ವಿಚಾರಿಸಿರುತ್ತಾನೆ. ಅರ್ಜಿದಾರಳು ಅವನನ್ನು ಸೋಮವಾರ ಖಾಲಿ ಹೊಟ್ಟೆಯಲ್ಲಿ ಅಜ್ಜಂಪುರದ ಬಸ್ಸಿಗೆ ಬರಲು ಹೇಳಿರುತ್ತಾಳೆ.

ಆದ್ದರಿಂದ, ಅವನ ರಕ್ತ ಪರೀಕ್ಷೆ ಆಗುವವರೆಗೂ ಸದರಿ ಮಾತ್ರೆಯ ನಿಜವಾದ ಹೆಸರನ್ನು ಈರಪ್ಪನಿಗೆ ಯಾರೂ ಹೇಳಬಾರದಾಗಿ ವಿನಂತಿ. ಹೆದರಿ ಬಸ್ಸು ಹತ್ತದೇ ಹೋದಾನು.